ಸೀನನ ಕಿವಿಗೆ ಅಳತೆ

ಸೀನ ಕಿವಿಗೆ ಅಳತೆ ಕೊಟ್ಟು ಇಯರ್‌ಫೋನ್ ಮಾಡಿಸುತ್ತಾನಂತೆ. ಕಸ್ಟಮ್ ಇನ್-ಇಯರ್ ಮಾನಿಟರ್. ಹಾಡು ಮಿಕ್ಸ್ ಮಾಡೋಕೆ, ಅಂದ್ರೆ ದನಿ, ವಾದ್ಯಗಳ ಸದ್ದನ್ನ ಹದವಾಗಿ ಬೆರೆಸೋಕೆ.

“ದೀಪಾವಳಿಗೆ ಮುಂಚೆ ಕೊಡ್ತಾರಾ, ಇಲ್ಲ ಲೈನಿಂಗ್ ಬಟ್ಟೆ ಬಂದಿಲ್ಲ ಅಂತಾರಾ?” ಎಂದ ಗುಂಡ.

“ಟೈಲರ್ ಅಲ್ಲ ಕಣೋ, ಆಡಿಯಾಲಜಿಸ್ಟ್, ಕಿವಿ ಪರೀಕ್ಷೆ ಮಾಡೋರು. ವಿಚಾರಿಸೋಕೆ ಹೋಗಿದ್ದೆ. ಅಲ್ಲಿ ಕೂತಿದ್ದವರೆಲ್ಲ ಎಪ್ಪತ್ತು ದಾಟಿದವರು. ಪಕ್ಕದ ಅಜ್ಜಿ ನನ್ನ ನೋಡಿ, ‘ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇ ಶುರುವಾಯ್ತಾ ಮಗಾ’ ಅಂತ ಲೊಚಗುಟ್ಟಿದ್ರು. ಹಾಡು ಮಿಕ್ಸ್ ಮಾಡೋಕೆ ಅಜ್ಜಿ, ಅಂದೆ. ‘ಆಂ?’ ಅಂದ್ರು. ಜೋರಾಗಿ ಹೇಳಿದೆ. ಮತ್ತೆ ‘ಆಂ?’ ಕೊನೆಗೆ ಹೌದಜ್ಜಿ, ಕಿವಿ ಕೇಳಿಸಲ್ಲ ಅಂತ ಒಪ್ಪಿಕೊಂಡೆ.”

ಅಜ್ಜಿಗೂ ಇವನಿಗೂ ನಂಟೇ ಇಲ್ಲ ಅನ್ನೋ ಹಾಗಿಲ್ಲ. ಇಂಥ ಮಾನಿಟರ್‌ಗಳ ಒಳಗೆ ಸಾಮಾನ್ಯವಾಗಿ ಇರುವ ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್, ಅಂದ್ರೆ ಸದ್ದು ಹೊರಡಿಸುವ ಪುಟ್ಟ ಭಾಗ, ಹಿಯರಿಂಗ್ ಏಡ್‌ನಿಂದಲೇ ಬಂದಿದ್ದು.

“ಎಷ್ಟು ಡ್ರೈವರ್?” ಎಂದ ರಂಗ. ಆರ್ಕೆಸ್ಟ್ರಾದಲ್ಲಿ ಸೌಂಡ್ ನೋಡಿಕೊಳ್ಳುವವನು. ಅವನು ಬಾಯಿ ಬಿಟ್ಟರೆ ನಾವು ಸುಮ್ಮನಾಗುತ್ತೇವೆ, ಗುಂಡ ಒಬ್ಬನನ್ನು ಬಿಟ್ಟು.

“ಒಂದೊಂದು ಕಿವಿಗೆ ಹನ್ನೆರಡು.”

“ನಮ್ಮ ರೂಟ್ ಬಸ್ಸಿಗೆ ಒಬ್ಬ ಸಿಗಲ್ಲ, ಇವನಿಗೆ ಇಪ್ಪತ್ತನಾಲ್ಕು ಜನ,” ಎಂದ ಗುಂಡ.

“ಡ್ರೈವರ್ ಲೆಕ್ಕ ಬಿಡು,” ಎಂದ ರಂಗ. “ಎಟಿಮೋಟಿಕ್‌ನವರ ಇಆರ್-4 ಇಯರ್‌ಫೋನ್ ಬಂದಿದ್ದು 1991ರಲ್ಲಿ. ಒಂದೇ ಡ್ರೈವರ್. ನಿಖರ ಅಂದ್ರೆ ಇವತ್ತಿಗೂ ಅದರ ಹೆಸರು ಬರುತ್ತೆ. ಡ್ರೈವರ್ ಜಾಸ್ತಿ ಆದಷ್ಟೂ ಅವನ್ನ ಒಂದಕ್ಕೊಂದು ಹೊಂದಿಸೋ ತಲೆನೋವೂ ಜಾಸ್ತಿ.”

“ನನಗೆ ಫ್ಲಾಟ್ ಬೇಕಪ್ಪಾ, ತಗ್ಗಿನ ಸದ್ದು, ಕೀರಲು ಸದ್ದು ಎಲ್ಲ ಒಂದೇ ಸಮ. ಗ್ರಾಫಿನಲ್ಲಿ ಗೆರೆ ನೆಟ್ಟಗಿರಬೇಕು.”

“ನೆಟ್ಟಗಿದ್ರೆ ಗಾಯಕಿ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತೆ. ತೆರೆದ ಕಿವಿ 3 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನ ತಾನೇ ಎತ್ತಿಕೊಡುತ್ತೆ. ಬಿರಡೆ ಜಡಿದ್ರೆ ಆ ಲಾಭ ಹೋಯ್ತು. ಅದಕ್ಕೆ ಇಯರ್‌ಫೋನ್ ಮಾಡೋರೇ ಗ್ರಾಫಿನಲ್ಲಿ ಅಲ್ಲೊಂದು ಗುಡ್ಡ ಎಬ್ಬಿಸಬೇಕು. ಆ ಗುಡ್ಡ ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರಕ್ಕೆ ಇದೆಯಾ ಅಂತ ನೋಡು.”

ಇನ್ನೊಂದು ವಿಷಯವನ್ನು ಸೀನ ಮರೆತೇಬಿಟ್ಟಿದ್ದ. ಈ ಕಸ್ಟಮ್ ಶೋಕಿಗೆ ರೆಕ್ಕೆ ಬಂದಿದ್ದು ಸ್ಟೇಜಿನಲ್ಲಿ. 1995ರಲ್ಲಿ ವ್ಯಾನ್ ಹೇಲೆನ್ ಬ್ಯಾಂಡಿನ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವಿ ತಮ್ಮ ಡ್ರಮ್ಮರ್ ಅಲೆಕ್ಸ್‌ಗೋಸ್ಕರ ಒಂದು ಜೊತೆ ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಅಲ್ಲಿಂದ. ಡ್ರಮ್ಮರ್‌ಗೆ ಎದೆ ಗುದ್ದುವ ಬಾಸ್ ಬೇಕು. ಮಿಕ್ಸ್ ಮಾಡುವವನಿಗೆ ಅದೇ ಶತ್ರು. ಮುಂದೆ ಅದೇ ಕಂಪನಿ ಕ್ಯಾಪಿಟಲ್ ಸ್ಟುಡಿಯೋಸ್ ಅನ್ನೋ ರೆಕಾರ್ಡಿಂಗ್ ಸ್ಟುಡಿಯೋದ ಎಂಜಿನಿಯರ್‌ಗಳ ಜೊತೆ ಸೇರಿ ಮಿಕ್ಸಿಂಗ್‌ಗೆ ಅಂತಲೇ ರೆಫರೆನ್ಸ್ ಮಾದರಿ ತಂದಿತು. ಸೀನ ಕೇಳಬೇಕಾದ್ದು ಆ ಜಾತಿಯದ್ದನ್ನ.

“ಹಾಗಾದ್ರೆ ಅಳತೆ ಯಾಕೆ? ರೆಡಿಮೇಡ್ ಸಾಕಲ್ವಾ?” ಎಂದೆ.

“ಸೀಲ್‌ಗೆ, ಕಿವಿಗೆ ಗಾಳಿಯಾಡದ ಹಾಗೆ ಕೂರೋಕೆ,” ಎಂದ ರಂಗ. “ಕೂದಲೆಳೆ ಸಂದಿ ಇದ್ರೂ ಬಾಸ್ ಸೋರಿಹೋಗುತ್ತೆ. ಸಾಲಲ್ಲ ಅಂತ ಇವನು ಏರಿಸ್ತಾನೆ. ಹಾಗೆ ಏರಿಸಿ ಮಿಕ್ಸ್ ಮಾಡಿದ ತಮಟೆ ಹಾಡನ್ನ ಪೆಂಡಾಲಿನಲ್ಲಿ ಹಾಕಿದ್ರೆ, ವಿಸರ್ಜನೆಗೆ ಮುಂಚೆನೇ ಗಣೇಶ ಎದ್ದು ಕೆರೆ ಕಡೆ ನಡೀತಾನೆ.”

ಸೀನನ ರೂಮು ಹತ್ತಕ್ಕೆ ಹತ್ತು. ಬೀರು ಪಕ್ಕದಲ್ಲಿ ಬಾಸ್ ಗುಡುಗುತ್ತದೆ, ಮಂಚದ ಹತ್ತಿರ ಮಾಯ. ಪಲ್ಲವಿ ಮುಗಿಯೋದರೊಳಗೆ ಕುಕ್ಕರ್ ಕೂಗುತ್ತದೆ, ಮೇಲಿನ ಮನೆಯವರು ಗೋಡೆ ಕೊರೆಯುತ್ತಾರೆ. ಅಂಥ ಕಡೆ ಸ್ಪೀಕರ್‌ಗಿಂತ ಇದೇ ವಾಸಿ ಅಂತ ನನ್ನ ಲೆಕ್ಕ. ರಂಗ ಅರ್ಧ ಒಪ್ಪಿದ.

“ಆದರೆ ಇದೊಂದನ್ನೇ ನಂಬಬೇಡ. ಸ್ಪೀಕರ್‌ನಲ್ಲಿ ಎಡಗಡೆ ಸದ್ದು ಬಲಗಿವಿಗೂ ಸ್ವಲ್ಪ ಬರುತ್ತೆ. ಇದರಲ್ಲಿ ಬರಲ್ಲ. ತಮಟೆಯನ್ನ ಪೂರ್ತಿ ಎಡಕ್ಕೆ ತಳ್ಳಿದ್ರೆ ಅರ್ಧ ತಲೆಗೆ ಮಾತ್ರ ಮೆರವಣಿಗೆ. ಕಾರಲ್ಲಿ ಕೇಳು, ಫೋನಲ್ಲಿ ಕೇಳು. ಮೊದಲು ಅದೇ ಟ್ಯೂನಿಂಗ್‌ನ ರೆಡಿಮೇಡ್ ಸಿಕ್ಕರೆ ನಿನಗೆ ಚೆನ್ನಾಗಿ ಗೊತ್ತಿರೋ ಹಾಡು ಹಾಕಿ ನೋಡು. ಕಸ್ಟಮ್ ಹಿಡಿಸದಿದ್ರೆ ಮಾರೋಕೂ ಆಗಲ್ಲ, ಇನ್ನೊಬ್ಬರ ಕಿವಿಗೆ ಕೂರಲ್ಲ.”

“ಅಳತೆ ಹೇಗೋ ತಗೋತಾರೆ?” ಗುಂಡನಿಗೆ ಈಗ ನಿಜವಾದ ಕುತೂಹಲ.

“ಕಿವಿ ಒಳಗೆ ದಾರ ಕಟ್ಟಿದ ಪುಟ್ಟ ಸ್ಪಂಜು ಇಟ್ಟು, ಮೇಲಿಂದ ಸಿಲಿಕೋನ್ ತುಂಬ್ತಾರೆ,” ಎಂದ ರಂಗ. “ಗಟ್ಟಿಯಾಗೋ ತನಕ ಬಾಯಲ್ಲಿ ಒಂದು ತುಂಡು ಕಚ್ಚಿಕೊಂಡು ಅಲ್ಲಾಡದೆ ಕೂರಬೇಕು. ನಾಲ್ಕೈದು ನಿಮಿಷ ಒಂದು ಮಾತೂ ಆಡೋ ಹಾಗಿಲ್ಲ.”

“ಸೀನನಾ?” ಎಂದ ಗುಂಡ. “ಯಾವತ್ತು ಹೇಳು, ನಾನು ರಜೆ ಹಾಕ್ತೀನಿ. ಅವನ ಮನೆಯವರನ್ನೂ ಕರ್ಕೊಂಡು ಬರ್ತೀನಿ, ಪಾಪ, ಅವರೂ ನೋಡಲಿ.”