ರೈಲಿನ ದಾರಿ ಬದಲಾಗಿದೆ, ಅಪ್ಪ ಅಮ್ಮನನ್ನು ಕಳಿಸಲಾ ಬೇಡವಾ?

ಬೆಂಗಳೂರಿನಿಂದ, ಪ್ರಶ್ನೆ:

ಮುಂದಿನ ಶುಕ್ರವಾರ ರಾತ್ರಿ ಯಶವಂತಪುರದಿಂದ ಹಾವೇರಿಗೆ ಅಪ್ಪ ಅಮ್ಮನ ಟಿಕೆಟ್ ಆಗಿದೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಇವತ್ತು ಮೆಸೇಜ್ ಬಂತು. ಹಳಿ ಕೆಲಸ ಇದೆಯಂತೆ, ರೈಲು ಚಿಕ್ಕಜಾಜೂರು, ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ, ಗದಗ ಮೇಲೆ ಹುಬ್ಬಳ್ಳಿಗೆ ಹೋಗುತ್ತದಂತೆ. ಹೀಗೆ ಸುತ್ತು ಹಾಕುವ ರೈಲಿನಲ್ಲಿ ಹೋದವರು ಯಾರಾದರೂ ಇದ್ದೀರಾ? ಕಳಿಸಲಾ, ಬೇಡವಾ?

ರಾಣೆಬೆನ್ನೂರಿನಿಂದ:

ಅಕ್ಕಾ, ಮೊದಲು ಒಂದು ಮಾತು. ಆ ದಾರಿಯಲ್ಲಿ ಹಾವೇರಿ ಬರುವುದೇ ಇಲ್ಲ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ ನಾಲ್ಕೂ ತಪ್ಪಿ ಹೋಗುತ್ತವೆ. ಮೆಸೇಜಿನಲ್ಲಿ ಹೊಸ ದಾರಿಯ ಹೆಸರು ಇದೆ ನೋಡಿ, ಬಿಟ್ಟುಹೋಗುವ ಊರಿನ ಹೆಸರು ಇಲ್ಲ. ನಾವು ಎಡವಿದ್ದೂ ಅಲ್ಲೇ.

2022ರ ಮಾತು. ಆಗ ನಮ್ಮ ಕಡೆ ಜೋಡಿ ಹಳಿ ಕೆಲಸ ಇನ್ನೂ ನಡೀತಿತ್ತು. ತಮ್ಮನ ಮನೆ ಗೃಹಪ್ರವೇಶ ಅಂತ ಅವ್ವನನ್ನು ಕರೆದುಕೊಂಡು ಬೆಂಗಳೂರಿನಿಂದ ಹೊರಟೆ. ಟಿಕೆಟ್ ಒಬ್ಬ ಏಜೆಂಟರ ಹತ್ತಿರ ಮಾಡಿಸಿದ್ದೆ. ಫಾರ್ಮಿನಲ್ಲಿ ಅವರದೇ ಮೊಬೈಲ್ ನಂಬರ್ ಇತ್ತು, ಮೆಸೇಜ್ ಅವರಿಗೇ ಹೋಗಿದೆ. ನಮಗೆ ಸುದ್ದಿಯೇ ಇಲ್ಲ. ಬೆಳಗಿನ ಜಾವ ಅಲಾರಂ ಹೊಡೀತು. ಊರು ಬಂತು ಅಂದುಕೊಂಡು ಚೀಲ, ಹಿತ್ತಾಳೆ ಬಿಂದಿಗೆ, ಹಣ್ಣಿನ ಬುಟ್ಟಿ ಎಲ್ಲ ಬಾಗಿಲ ಹತ್ತಿರ ತಂದಿಟ್ಟೆ. ಅವ್ವ ಚಪ್ಪಲಿ ಮೆಟ್ಟಿಕೊಂಡು ಸೆರಗು ಸಿಕ್ಕಿಸಿಕೊಂಡು ನಿಂತಳು. ರೈಲು ನಿಂತಿತು. ಬೋರ್ಡಿನ ಮೇಲಿನ ಅಕ್ಷರ ಕನ್ನಡದ ಹಾಗೇ ಇದೆ, ಓದಿದರೆ ತೆಲುಗು. ರಾಯದುರ್ಗ. ಅಂದರೆ ಆಂಧ್ರ. "ಇಳಿಯೋದೇನೋ?" ಅಂತ ಅವ್ವ ಕೇಳಿದಳು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ಅಲ್ಲಿಂದ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಆಯಿತು. ಅದರಲ್ಲಿ ಓಡಿದ್ದಕ್ಕಿಂತ ನಿಂತಿದ್ದೇ ಜಾಸ್ತಿ. ಆ ದಾರಿಯ ವೇಳಾಪಟ್ಟಿಯಲ್ಲಿ ನಮ್ಮ ರೈಲೇ ಇಲ್ಲ ಅಲ್ವಾ? ಒಂಟಿ ಹಳಿ ಇರುವ ಕಡೆ ಎದುರಿನ ರೈಲಿಗೆ ದಾರಿ ಕೊಟ್ಟು ಕಾಯಬೇಕು. ಆ ದಾರಿ ಬಲ್ಲ ಡ್ರೈವರೇ ಬೇಕು, ಅವರು ಬಂದು ಹತ್ತುವ ತನಕವೂ ಕಾಯಬೇಕು. ಹುಬ್ಬಳ್ಳಿಯಲ್ಲಿ ಇಳಿದು ಆಟೋ ಹಿಡಿದು ಗೋಕುಲ ರೋಡ್ ಬಸ್ ಸ್ಟ್ಯಾಂಡ್, ಅಲ್ಲಿಂದ ಬಸ್ಸಿನಲ್ಲಿ ಮತ್ತೆ ಹಿಂದಕ್ಕೆ. ಅವ್ವ ಮಗನ ಹೊಸಮನೆ ಹೊಸ್ತಿಲು ತುಳಿಯುವಾಗ ದೀಪ ಹಚ್ಚುವ ಹೊತ್ತು. ಹಾಲು ಉಕ್ಕಿಸಿದ ಪಾತ್ರೆ ತೊಳೆದು ಬೋರಲು ಹಾಕಿದ್ದರು. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಅದಕ್ಕೇ ಹೇಳುತ್ತೇನೆ, ವಯಸ್ಸಾದವರಿಬ್ಬರನ್ನೇ ಆ ರೈಲಿನಲ್ಲಿ ಕಳಿಸಬೇಡಿ. ಚಿಕ್ಕಜಾಜೂರಿನಲ್ಲಿ ಇಳಿದು ದಾವಣಗೆರೆಗೆ ಹೋದರಾಯಿತು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮ್ಯಾಪಿನಲ್ಲಿ ಹತ್ತಿರ ಕಾಣುತ್ತದೆ. ಆದರೆ ಅದು ಸಣ್ಣ ಊರು, ನಡುರಾತ್ರಿ ಗಾಡಿ ಎಲ್ಲಿಂದ ತರುತ್ತೀರಿ?

ಪುತ್ತೂರಿನಿಂದ:

ನಾನು ದುಡ್ಡಿನ ವಿಷಯ ಹೇಳುತ್ತೇನೆ, ಇದರಲ್ಲಿ ತುಂಬಾ ಜನ ಕಳಕೊಳ್ಳುತ್ತಾರೆ. ಗಾಬರಿಯಲ್ಲಿ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಹಾಗೆ ಮಾಡಿದರೆ ಮಾಮೂಲಿ ಕಡಿತ ಆಗುತ್ತದೆ. ರೈಲೇ ಪೂರ್ತಿ ರದ್ದಾದರೆ ಇ-ಟಿಕೆಟ್ ದುಡ್ಡು ತಾನಾಗಿ ವಾಪಸ್ ಬರುತ್ತದೆ. ದಾರಿ ಬದಲಾದರೆ ತಾನಾಗಿ ಬರುವುದಿಲ್ಲ, ನಾವೇ ಕೇಳಬೇಕು. ಅದಕ್ಕೆ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಆನ್‌ಲೈನ್ ಅರ್ಜಿ, ಹಾಕಬೇಕು. ಅಲ್ಲಿ ಕಾರಣಗಳ ಪಟ್ಟಿ ಬರುತ್ತದೆ. ರೈಲು ಬೇರೆ ದಾರಿಯಲ್ಲಿ ಹೋಯಿತು, ಇಳಿಯುವ ಊರು ಮುಟ್ಟಲಿಲ್ಲ ಅನ್ನುವುದನ್ನು ಆರಿಸಿ. ರೈಲು ಹೊರಡಬೇಕಿದ್ದ ಸಮಯದಿಂದ 72 ಗಂಟೆ ಅವಕಾಶ ಇದೆ. ಪ್ರಯಾಣ ಮಾಡಿರಬಾರದು ಅಷ್ಟೆ, ಪೂರ್ತಿ ದುಡ್ಡು ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆ ಮೆಸೇಜನ್ನೂ ಅಳಿಸಬೇಡಿ.

ನಾನು ಕಲಿತಿದ್ದು 2024ರ ಜುಲೈಯಲ್ಲಿ. ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಜರಿದು ಘಟ್ಟದ ಹಳಿ ಕೆಳಗಿನ ಮಣ್ಣೇ ಹೋಯಿತಲ್ಲ, ದುರಸ್ತಿ ಮುಗಿಯುವ ತನಕ ಮಂಗಳೂರು ಕಡೆಯ ಕೆಲವು ರೈಲುಗಳನ್ನು ಸೇಲಂ, ಶೊರನೂರು ಮೇಲೆ ಬಿಟ್ಟರು. ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಪುತ್ತೂರು ಮೂರೂ ಬಿಟ್ಟುಹೋದವು. ನಾವು ಹೋಗಲೇಬೇಕಿತ್ತು, ಬಸ್ಸಿಗೆ ಹೋದೆವು. ಆ ಮಳೆಯಲ್ಲಿ ಶಿರಾಡಿ ಘಟ್ಟ ಬೇರೆ! ಟಿಡಿಆರ್ ದುಡ್ಡು ಬರಲು ವಾರಗಳೇ ಹಿಡಿದವು, ಆದರೆ ಬಂತು.

ಗದಗಿನಿಂದ:

ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೆ ಹೋಗುವವರಾದರೆ ನಾನು ಕಳಿಸಿ ಅಂತಲೇ ಹೇಳುತ್ತೇನೆ. ತಡ ಆಗುತ್ತದೆ, ಆದರೆ ಮಲಗಿಕೊಂಡು ಹೋಗಬಹುದು. ಹೊಸಪೇಟೆ ದಾಟಿ ಮುನಿರಾಬಾದ್ ಹತ್ತಿರ ಹೊಳೆ ದಾಟುವಾಗ ತುಂಗಭದ್ರಾ ಡ್ಯಾಮ್ ಕಾಣುತ್ತದೆ, ಮಕ್ಕಳಿಗೆ ಬಹಳ ಖುಷಿ.

ಎರಡು ತೊಂದರೆ ಇವೆ. ಒಂದು, ಡಬ್ಬಿಗೆ ನೀರು ತುಂಬುವ ಸ್ಟೇಷನ್ ಗೊತ್ತು ಮಾಡಿರುತ್ತಾರೆ. ದಾರಿ ಬದಲಾದರೆ ಅದು ಏರುಪೇರಾಗುತ್ತದೆ. ಹೋದ ಸಲ ನಮ್ಮ ಡಬ್ಬಿಯಲ್ಲಿ ಬೆಳಗ್ಗೆ ಎಂಟಕ್ಕೇ ಕಕ್ಕಸಿನ ನೀರು ನಿಂತುಹೋಗಿತ್ತು. ಎರಡು, ಊಟ. ಮೊಬೈಲಿನಲ್ಲಿ ದಾವಣಗೆರೆಗೆ ತಿಂಡಿ ಹೇಳಿದ್ದರೆ ಅದು ದಾವಣಗೆರೆಯಲ್ಲೇ ಉಳಿಯುತ್ತದೆ! ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ. ಅವತ್ತು ಅವರ ಕೈ ನಡುಗಲು ಶುರುವಾದಾಗ ಎದುರಿನ ಸೀಟಿನ ಹೆಣ್ಣುಮಗಳು ತನ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಆಮೇಲೆ ನಾವು ಯಾವಾಗ ಹೊರಟರೂ ಒಂದು ಹೊತ್ತಿನ ಬುತ್ತಿ ಜಾಸ್ತಿ ಕಟ್ಟುತ್ತೇವೆ. ಗುಳಿಗೆಯನ್ನೂ ಒಂದು ದಿನಕ್ಕೆ ಹೆಚ್ಚಿಗೆ ಇಡಿ.

ಅರಸೀಕೆರೆಯಿಂದ:

ಎಲ್ಲರೂ ರೈಲು ಯಾಕೆ ಹೀಗೆ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮ ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದರು, ಅದಕ್ಕೆ ಒಂದು ಮಾತು. ಹೊಸ ಹಳಿಯನ್ನು ಸ್ಟೇಷನ್ನಿಗೆ ಜೋಡಿಸುವಾಗ, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿಗೂ ಸಿಗ್ನಲ್ಲಿಗೂ ಇರುವ ಕೊಂಡಿ ಬಿಚ್ಚುತ್ತಾರೆ. ನಾನ್ ಇಂಟರ್‌ಲಾಕಿಂಗ್ ಅನ್ನುವುದು ಅದನ್ನೇ. ಆಗ ಪ್ರತಿ ಪಾಯಿಂಟನ್ನೂ ಕೈಯಿಂದ ಕೂರಿಸಿ, ಕ್ಲಾಂಪ್ ಬಿಗಿದು, ಬೀಗ ಹಾಕಿ, ಆಮೇಲೆ ಒಂದೊಂದೇ ರೈಲನ್ನು ನಿಧಾನ ಬಿಡಬೇಕು. ಎಲ್ಲ ರೈಲೂ ಅದೇ ದಾರಿಯಲ್ಲಿ ಬಂದರೆ ಆಗುವ ಕೆಲಸವೇ ಅಲ್ಲ. ಅಪ್ಪ ಆ ದಿನಗಳಲ್ಲಿ ಮನೆಗೆ ಬಂದಾಗ ಅಂಗೈಯಲ್ಲಿ ಗ್ರೀಸು ಹೋಗುತ್ತಲೇ ಇರಲಿಲ್ಲ, ಹಾಗೇ ಉಣ್ಣಲು ಕೂರುತ್ತಿದ್ದರು.

ಇನ್ನೊಂದು. ಸುತ್ತು ದಾರಿಯಲ್ಲಿ ರೈಲು ಸಿಗ್ನಲ್ಲಿಗೆ ಅಂತ ಎಲ್ಲೆಂದರಲ್ಲಿ ನಿಲ್ಲುತ್ತದೆ. ಊರು ಹತ್ತಿರ ಇದೆ ಅಂತ ಜಲ್ಲಿ ಮೇಲೆ ಇಳಿಯಬೇಡಿ. ಪಕ್ಕದ ಹಳಿಯಲ್ಲಿ ಏನು ಬರುತ್ತದೆ ಅಂತ ಗೊತ್ತಾಗುವುದಿಲ್ಲ.

ಬೆಂಗಳೂರಿನಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾವೇರಿ ತಪ್ಪುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಆದರೆ ಅಪ್ಪನಿಗೆ ರಾತ್ರಿ ನಾಲ್ಕೈದು ಸಲ ಏಳಬೇಕು, ಬಸ್ಸು ಅವರಿಗೆ ಆಗುವುದೇ ಇಲ್ಲ. ಹುಬ್ಬಳ್ಳಿ ತನಕ ಹೋಗಿ ವಾಪಸ್ ಬಂದರೆ?

ರಾಣೆಬೆನ್ನೂರಿನಿಂದ:

ಹಾಗಿದ್ದರೆ ಹುಬ್ಬಳ್ಳಿ ತನಕ ಕಳಿಸಿ ಅಕ್ಕಾ, ಅದೇ ಸರಿ. ಅಲ್ಲಿಂದ ಹಾವೇರಿ ರಸ್ತೆಯಲ್ಲಿ ಸುಮಾರು 75 ಕಿ.ಮೀ., ಹಗಲು ಹೊತ್ತಿನಲ್ಲಿ ಬಸ್ಸಿಗೆ ಬರ ಇಲ್ಲ. ಟಿಕೆಟ್ ಹಾವೇರಿ ತನಕ ಇರುವುದರಿಂದ ಇವತ್ತೇ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ವಿಚಾರಿಸಿ, ಹತ್ತಿದ ಕೂಡಲೇ ಟಿಕೆಟ್ ನೋಡುವ ಟಿಟಿಇಗೂ ಹೇಳಲಿ. ನಮ್ಮ ಹತ್ತಿರ ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಮೊಬೈಲಿನಲ್ಲಿ ರೈಲು ಎಲ್ಲಿದೆ ಅಂತ ನೋಡುವಾಗ ಹಳೇ ದಾರಿಯನ್ನೇ ತೋರಿಸಬಹುದು, ಅದನ್ನು ನಂಬಿಕೊಂಡು ಕೂರಬೇಡಿ. ಗದಗ ಬಂದಾಗ ಅವರೇ ಒಂದು ಫೋನ್ ಮಾಡಲಿ.

ಹುಬ್ಬಳ್ಳಿಯಲ್ಲಿ ಒಬ್ಬರು ಎದುರುಗೊಳ್ಳಲು ಇರಲೇಬೇಕು. ಅಲ್ಲಿನ ದೊಡ್ಡ ಪ್ಲಾಟ್‌ಫಾರಂ 1,507 ಮೀಟರ್ ಉದ್ದ ಇದೆ, ತುದಿಯಲ್ಲಿ ಇಳಿದರೆ ಅಪ್ಪ ನಡೆಯುವುದು ಕಷ್ಟ. ಡಬ್ಬಿಯ ನಂಬರನ್ನು ಮೊದಲೇ ಕಳಿಸಿ, ಬಂದವರು ಆ ಡಬ್ಬಿ ನಿಲ್ಲುವ ಜಾಗಕ್ಕೇ ಹೋಗಿ ನಿಲ್ಲಲಿ. ಯಾರೂ ಸಿಗದಿದ್ದರೆ ಇಲ್ಲೇ ಒಂದು ಮಾತು ಹಾಕಿ. ಶನಿವಾರ ನನಗೆ ಹುಬ್ಬಳ್ಳಿಯಲ್ಲಿ ಕೆಲಸ ಇದೆ, ಬಂದು ಅವರನ್ನು ಬಸ್ ಹತ್ತಿಸುತ್ತೇನೆ.