ಪಿಕಪ್ ಆಯಿಲ್ ಮನೆಯಲ್ಲೇ ಬದಲಿಸುವಾಗ ಸಿಮೆಂಟ್ ಬ್ಲಾಕ್ ಕೊಡಬಹುದಾ?

ಪ್ರಶ್ನೆ: ಅಣ್ಣಾ, ನಮ್ಮದು ಬೊಲೆರೊ ಪಿಕಪ್, ಡೀಸೆಲ್. ತೋಟದಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಈ ಸಲ ಎಂಜಿನ್ ಆಯಿಲ್ ನಾನೇ ಬದಲಿಸೋಣ ಅಂತಿದ್ದೇನೆ. ಜಾಕ್ ಎತ್ತಿ, ಭದ್ರಕ್ಕೆ ಎರಡು ಸಿಮೆಂಟ್ ಬ್ಲಾಕ್ ಕೊಟ್ಟರೆ ಸಾಕಾ? ಬಿಸಿ ಇದ್ದಾಗಲೇ ಆಯಿಲ್ ಬಿಡಬೇಕು ಅಂತಾರೆ, ಎಷ್ಟು ಬಿಸಿ? ಹಳೆ ಆಯಿಲ್ ಎತ್ತಿಡು, ಬೇಲಿ ಕಂಬಕ್ಕೆ ಬಳಿದರೆ ಗೆದ್ದಲು ಹಿಡಿಯಲ್ಲ ಅಂತಾರೆ ಅಪ್ಪ.

ಮೆಕ್ಯಾನಿಕ್ ಉತ್ತರ: ದಯವಿಟ್ಟು ಬ್ಲಾಕ್ ಕೊಡಬೇಡಿ. ಗೋಡೆಯಲ್ಲಿ ಸಾಲಾಗಿ ಕೂತಾಗ ಅದು ಭಾರ ಹೊರುತ್ತದೆ. ಗಾಡಿ ಭಾರವೆಲ್ಲ ಒಂದೇ ಕಡೆ ಬಿದ್ದರೆ ಸೂಚನೆಯನ್ನೂ ಕೊಡದೆ ಪುಡಿಯಾಗುತ್ತದೆ. ಜಾಕ್ ಇರುವುದು ಗಾಡಿ ಎತ್ತಲು ಮಾತ್ರ. ಅದನ್ನೇ ನಂಬಿ ಯಾರೂ ಕೆಳಗೆ ಮಲಗಬಾರದು.

ಪಿಕಪ್ ಹೇಗೂ ಎತ್ತರ ಇರುತ್ತದೆ. ಲೋಡ್ ಇಳಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರದ ಹಿಂದೆ ಮುಂದೆ ಕಲ್ಲು ಕೊಡಿ. ಬೀಗದ ಕೈ ನಿಮ್ಮ ಜೇಬಲ್ಲೇ ಇರಲಿ. ಎತ್ತದೆಯೇ ಡ್ರೈನ್ ಬೋಲ್ಟ್‌ಗೆ, ಅಂದರೆ ಹಳೆ ಆಯಿಲ್ ಹೊರಬಿಡುವ ಬೋಲ್ಟ್‌ಗೆ, ಕೈ ಸಿಕ್ಕರೆ ಅದೇ ಒಳ್ಳೆಯದು. ಎತ್ತಲೇಬೇಕಾದರೆ, ಎತ್ತಿದ ಗಾಡಿಯನ್ನು ಹೊರುವ ಕಬ್ಬಿಣದ ಜಾಕ್ ಸ್ಟ್ಯಾಂಡ್ ತನ್ನಿ.

ಮಾರ್ಕೆಟ್‌ನಿಂದ ಬಂದ ತಕ್ಷಣ ಬೋಲ್ಟ್ ಬಿಚ್ಚಿದರೆ ಕೈ ಸುಡುತ್ತದೆ. ತಣ್ಣಗಿರುವ ಎಂಜಿನ್ನನ್ನು ಐದು ನಿಮಿಷ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಡಿ. ಉಗುರು ಬೆಚ್ಚಗಿದ್ದರೆ ಸಾಕು. ಆಯಿಲ್ ಮೊದಲು ನೇರ ಬೀಳದೆ ದೂರಕ್ಕೆ ಚಿಮ್ಮುತ್ತದೆ, ಟ್ರೇ ಅದಕ್ಕೆ ತಕ್ಕಂತೆ ಇಡಿ. ಮುಖ ಬೋಲ್ಟ್ ಕೆಳಗಿರಬಾರದು. ಗ್ಲೌಸ್ ಹಾಕಿಕೊಳ್ಳಿ. ಬಳಸಿದ ಆಯಿಲ್ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಕ್ಯಾನ್ಸರ್ ಬರುವ ಅಪಾಯ ಇದೆ.

ಆಯಿಲ್ ಫಿಲ್ಟರ್ ಬಿಚ್ಚಿದಾಗ ಹಳೆ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿ. ಅದರ ಮೇಲೆ ಹೊಸದು ಕೂತರೆ, ಸ್ಟಾರ್ಟ್ ಮಾಡಿದ ಕೂಡಲೇ ಹೊಸ ಆಯಿಲ್ ನೆಲಕ್ಕೆ ಹೋಗುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ಫಿಲ್ಟರನ್ನು ಕೈಯಲ್ಲೇ ಬಿಗಿ ಮಾಡಿ. ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ. ಕಾಲಲ್ಲಿ ಒತ್ತಿ ಬಿಗಿ ಮಾಡಿದರೆ ಥ್ರೆಡ್ ಹೋಗುತ್ತದೆ. ಯಾವ ಗ್ರೇಡ್, ಎಷ್ಟು ಲೀಟರ್ ಅನ್ನುವುದಕ್ಕೆ ಗಾಡಿಯ ಪುಸ್ತಕ ನೋಡಿ, ಅಂಗಡಿಯವರ ಬಾಯಿಮಾತು ಬೇಡ.

ಅಪ್ಪನಿಗೆ ನಿಧಾನವಾಗಿ ಹೇಳಿ, ಕಂಬಕ್ಕೆ ಬಳಿದದ್ದು ಮಳೆಗೆ ತೊಳೆದು ಮಣ್ಣಿಗೇ ಇಳಿಯುತ್ತದೆ. ನೀವು ಟೊಮೆಟೊ ಬೆಳೆಯುವ ಮಣ್ಣು ಅದೇ ಅಲ್ವಾ? ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮದಲ್ಲೂ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಕ್ಯಾನಿಗೆ ತುಂಬಿ, ಹಳೆ ಆಯಿಲ್‌ನ ರೀಸೈಕಲ್‌ಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಪ್ರಶ್ನೆ: ಅಣ್ಣಾ, ಎತ್ತದೆಯೇ ಆಯ್ತು. ಆದರೆ ಎರಡೇ ದಿನಕ್ಕೆ ಆಯಿಲ್ ಕಪ್ಪಗಾಗಿದೆ. ಡೂಪ್ಲಿಕೇಟ್ ಕೊಟ್ಟರಾ?

ಮೆಕ್ಯಾನಿಕ್ ಉತ್ತರ: ಬಣ್ಣ ನೋಡಿ ಹಾಗೆ ಹೇಳಲಾಗದು. ಡೀಸೆಲ್ ಉರಿದ ಮಸಿಯನ್ನು ಆಯಿಲ್ ತನ್ನೊಳಗೆ ಹಿಡಿದುಕೊಳ್ಳುತ್ತದೆ, ಅದಕ್ಕೇ ಬೇಗ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ಮಾತ್ರ ನೀರು ಸೇರಿದೆ ಅಂತ ಅರ್ಥ. ಆಗ ಗಾಡಿ ಓಡಿಸಬೇಡಿ. ಇವತ್ತು ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಹನಿ ಕಂಡರೆ ಫೋಟೋ ಹಾಕಿ, ಬೋಲ್ಟೋ ಫಿಲ್ಟರೋ ನೋಡೋಣ.