ಅರ್ಧಕ್ಕೆ ನಿಂತ ಕೌದಿ, ಮೂಟೆ ತುಂಬ ಚಿಂದಿ: ಟೈಲರ್ ಅಕ್ಕನಿಗೆ ನಿಮ್ಮ ಪ್ರಶ್ನೆಗಳು

ಈ ಸಲ ಉತ್ತರ ಕೊಡುತ್ತಿರುವವರು ಕೊಡಗಿನ ಕುಶಾಲನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ನಮ್ಮದೇ ಗುಂಪಿನ ಅಕ್ಕ. ತವರು ಧಾರವಾಡದ ಕಡೆ, ಹಾಗಾಗಿ ಹಳೇ ಬಟ್ಟೆ ತುಂಡು ಜೋಡಿಸಿ ಹೊಲಿಯುವ ಹೊದಿಕೆ, ಅಂದರೆ ಕೌದಿ, ಅವರಿಗೆ ಮನೆಯ ವಿದ್ಯೆ. ಮಳೆ ಹಿಡಿದು ಕೂತಿದೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಬೇಗ ಬೇಗ ಕೇಳಿ.

ನಾಪೋಕ್ಲು ಸದಸ್ಯೆ: ಅಕ್ಕ, 2018ರ ಮಳೆಗಾಲದಲ್ಲಿ ಮಗಳಿಗೆ ಅಂತ ಒಂದು ಕೌದಿ ಶುರು ಮಾಡಿದ್ದೆ. ಆರು ಇಂಚಿನ ಚೌಕಗಳು, ಡಬಲ್ ಕಾಟ್ ಅಳತೆಗೆ. ಆ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನೆಂಟರು ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಆಗ ಮಡಚಿಟ್ಟ ಮೆಷಿನ್, ಕೌದಿಗೆ ಅಂತ ಮತ್ತೆ ತೆಗೆದೇ ಇಲ್ಲ. ಸುಮಾರು ತೊಂಬತ್ತು ಚೌಕ ಜೋಡಿಸಿ ಆಗಿದೆ. ಇನ್ನು ನಲವತ್ತು ಚಿಲ್ಲರೆ ಬಿಡಿಯಾಗಿವೆ. ಮಗಳಿಗೆ ಮದುವೆಯಾಗಿ ಈಗ ಮಗುವೂ ಆಗಿದೆ. ಪ್ರತಿ ಮಳೆಗಾಲ ಬೀರುವಿನಿಂದ ತೆಗೆಯುತ್ತೇನೆ, ನೋಡುತ್ತೇನೆ, ಒಳಗಿಡುತ್ತೇನೆ. ಇದಕ್ಕೆ ಮುಕ್ತಿ ಉಂಟಾ?

ಉತ್ತರ: ಉಂಟು, ಲೆಕ್ಕ ಹಾಕೋಣ. ಆರು ಇಂಚಿನ ಚೌಕಕ್ಕೆ ಎರಡೂ ಬದಿ ಕಾಲು ಕಾಲು ಇಂಚು ಹೊಲಿಗೆಗೆ ಹೋದರೆ ಉಳಿಯುವುದು ಐದೂವರೆ. ಡಬಲ್ ಕಾಟ್‌ಗೆ ಹೆಚ್ಚುಕಡಿಮೆ 90ಕ್ಕೆ 100 ಇಂಚು ಬೇಕು ಅಂದರೆ ಅಡ್ಡಕ್ಕೆ 16, ಉದ್ದಕ್ಕೆ 18, ಒಟ್ಟು 288 ಚೌಕ. ನೀವು ಮೂರರಲ್ಲಿ ಒಂದು ಪಾಲೂ ಮುಗಿಸಿಲ್ಲ. ಬೀರು ತೆಗೆದಾಗಲೆಲ್ಲ ಕಾಣಿಸುವುದು ಬಾಕಿ ಇರುವ ಆ ಇನ್ನೂರು. ಕೈ ಹಿಂದೆ ಸರಿಯುವುದು ಅದಕ್ಕೇ. ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.

ಇರುವ ತೊಂಬತ್ತನ್ನು ಒಂಬತ್ತು ಸಾಲಿಗೆ ಹತ್ತರಂತೆ ಜೋಡಿಸಿ. 49.5ಕ್ಕೆ 55 ಇಂಚು ಬರುತ್ತದೆ. ಅದು ಮಗುವಿನ ಕೌದಿ. ಮೊಮ್ಮಗು ಐದಾರು ವರ್ಷ ಆಗುವವರೆಗೂ ಹೊದೆಯುತ್ತದೆ. ಅಂದರೆ ನಿಮ್ಮ ಕೌದಿಯ ಮೇಲ್ಪದರ ಇವತ್ತಿಗೇ ಮುಗಿದಿದೆ.

ಹಿಂಬದಿಗೆ ನಾಲ್ಕೂ ಕಡೆ ಮೂರು ಇಂಚು ಜಾಸ್ತಿ ಬಿಡಿ. ಹಳೇ ಸಿಂಗಲ್ ಬೆಡ್‌ಶೀಟ್ ಒಂದು ಧಾರಾಳ ಸಾಕು. ಅಂಚಿಗೆ ಎರಡೂವರೆ ಇಂಚಿನ ಪಟ್ಟಿ, ಉದ್ದಕ್ಕೆ ಮಡಚಿ ಎರಡು ಪದರ ಮಾಡಿದ್ದು. ಸುತ್ತಳತೆ 209 ಇಂಚು, ಮೂಲೆ ತಿರುಗಿಸಲು ಸ್ವಲ್ಪ ಸೇರಿಸಿದರೆ 220. ಮೂವತ್ತಾರು ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಅರ್ಧ ಮೀಟರ್‌ನಲ್ಲಿ ಏಳು ಪಟ್ಟಿ ಬರುತ್ತದೆ, ಸರಿಹೋಗುತ್ತದೆ. ಅಂಚು ನೇರವಾಗಿರುವುದರಿಂದ ಓರೆಯಾಗಿ ಕತ್ತರಿಸಿದ ಕ್ರಾಸ್ ಪಟ್ಟಿ ಬೇಡ, ನೇರ ಪಟ್ಟಿಯೇ ಸಾಕು.

ನಾಪೋಕ್ಲು ಸದಸ್ಯೆ: ಅಯ್ಯೋ, ಇಷ್ಟು ಸುಲಭನಾ! ಆದರೆ ನಡುವಿನ ಪದರ? ಅಂಗಡಿಯಲ್ಲಿ ಸಿಗುವ ಬಿಳಿ ಸ್ಪಂಜಿನಂಥದ್ದು ಹಾಕಬೇಕಾ?

ಉತ್ತರ: ಬೇಡ. ನಮ್ಮ ಅವ್ವ ಕೌದಿಗೆ ಹಾಕುತ್ತಿದ್ದದ್ದು ಹಳೇ ಇಳಕಲ್ ಸೀರೆ, ಅಪ್ಪನ ಧೋತರ, ಅಷ್ಟೇ. ಅಂಗಡಿಯದ್ದು ಪಾಲಿಯೆಸ್ಟರ್ ಪದರ, ಬೇಗ ಒಣಗುತ್ತದೆ ನಿಜ, ಆದರೆ ಹೊಲಿಗೆ ದೂರ ದೂರ ಇದ್ದರೆ ಒಳಗೇ ಸರಿದು ಗಂಟಾಗುತ್ತದೆ. ದಪ್ಪ ಅರಳೆ ಹಾಕಿದರೆ ನಾಪೋಕ್ಲು ಮಳೆಯಲ್ಲಿ ಒಗೆದದ್ದು ದೀಪಾವಳಿಗೂ ಒಣಗುವುದಿಲ್ಲ. ಮೆತ್ತಗಾದ ಹತ್ತಿ ಸೀರೆ ಎರಡು ಪದರ ಹಾಕಿ. ಸೀರೆಯ ಪನ್ನ ಸಾಲುವುದಿಲ್ಲ, ಪಕ್ಕಕ್ಕೆ ಇನ್ನೊಂದು ತುಂಡು ಕೂಡಿಸಬೇಕು. ಬಾರ್ಡರ್ ಕತ್ತರಿಸಿ ತೆಗೆದು, ಎರಡು ತುಂಡಿನ ಅಂಚು ಅಂಚಿಗೆ ತಾಗುವಂತೆ ಇಡಿ. ಒಂದರ ಮೇಲೊಂದು ಏರಿದರೆ ಅಲ್ಲಿ ದಿಬ್ಬ ಎದ್ದು, ಸೂಜಿ ಮುರಿಯುತ್ತದೆ.

ನಾಪೋಕ್ಲು ಸದಸ್ಯೆ: ಪದರ ಹರಡಲು ಜಾಗ ಎಲ್ಲಿ ಅಕ್ಕ? ನಿಜ ಹೇಳಬೇಕು ಅಂದರೆ ನಾನು ನಿಂತದ್ದೇ ಅಲ್ಲಿ.

ಉತ್ತರ: ನೋಡಿ, ಈಗ ಸರಿಯಾದ ಗಂಟು ಸಿಕ್ಕಿತು. ನನ್ನ ಅಂಗಡಿಗೆ ಅರ್ಧಕ್ಕೆ ನಿಂತ ಕೌದಿಗಳು ವರ್ಷಕ್ಕೆ ನಾಲ್ಕೈದಾದರೂ ಬರುತ್ತವೆ. ಹೆಚ್ಚಿನವು ನಿಂತಿರುವುದು ಇದೇ ಜಾಗದಲ್ಲಿ. ತುಂಡು ಜೋಡಿಸುವುದು ಖುಷಿಯ ಕೆಲಸ. ಆಮೇಲೆ ಪದರ ಹಾಕುವುದು ಅಂತ ಬೇರೆಯೇ ಒಂದು ಕೆಲಸ ಎದುರಿಗೆ ಬರುತ್ತದೆ, ಅದಕ್ಕೆ ನೆಲ ಬೇಕು, ಮಂಡಿ ಬೇಕು, ಇನ್ನೊಬ್ಬರ ಕೈ ಬೇಕು.

ಐವತ್ತೈದು ಇಂಚಿಗೆ ಊಟದ ಮೇಜು ಸಾಕು. ಹಿಂಬದಿಯ ಬಟ್ಟೆಯನ್ನು ಕೆಳಮುಖ ಮಾಡಿ ಹಾಸಿ, ಅಂಚನ್ನು ಮೇಜಿಗೆ ಟೇಪ್ ಹಾಕಿ ಬಿಗಿ ಮಾಡಿ. ಬಟ್ಟೆ ಬಿಗಿಯಾಗಿರಲಿ, ಜಗ್ಗಬೇಡಿ. ಸೀರೆ ಪದರ, ಮೇಲೆ ಚೌಕಗಳದ್ದು. ನಡುವಿನಿಂದ ಹೊರಕ್ಕೆ ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತಾ ಬನ್ನಿ, ಒಂದು ಅಂಗೈ ಅಗಲಕ್ಕೊಂದು ಸಾಲು. ಸೇಫ್ಟಿ ಪಿನ್ ಹಾಕುವವರೂ ಇದ್ದಾರೆ. ಕೊಡಗಿನಲ್ಲಿ ನಾನು ಬೇಡ ಅನ್ನುತ್ತೇನೆ. ಪಿನ್ ಹಾಕಿಟ್ಟು ಮರೆತಿರೋ, ಒಂದೇ ಮಳೆಗಾಲಕ್ಕೆ ಪ್ರತಿ ಪಿನ್ನಿಗೂ ಒಂದು ತುಕ್ಕಿನ ಬೊಟ್ಟು. ನನ್ನದೇ ಒಂದು ಕೌದಿಗೆ ಹಾಗಾಗಿದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟೆ, ಮುಕ್ಕಾಲು ಪಾಲು ಹೋಯಿತು, ಪೂರ್ತಿ ಹೋಗಲಿಲ್ಲ.

ಗೋಣಿಕೊಪ್ಪ ಸದಸ್ಯೆ: ನಾವು ಕಾಫಿ ಒಣಗಿಸುವ ಕಣದಲ್ಲಿ ಹಾಸುತ್ತೇವೆ. ಎಷ್ಟು ದೊಡ್ಡದಾದರೂ ಹಿಡಿಯುತ್ತದೆ!

ಉತ್ತರ: ಕಣ ಖಾಲಿ ಇದ್ದಾಗ ಸರಿ. ಆದರೆ ಕೆಳಗೆ ಟಾರ್ಪಾಲು ಹಾಸದೆ ಬೇಡ ಮಾರಾಯ್ರೆ. ಕಾಫಿ ಹಣ್ಣಿನ ರಸದ ಕಲೆ ಏನು ಮಾಡಿದರೂ ಹೋಗುವುದಿಲ್ಲ.

ಭಾಗಮಂಡಲ ಸದಸ್ಯೆ: ನನ್ನದು ಬೇರೆ ಕಥೆ ಮೇಡಂ. ಅತ್ತೆ ಕೂಡಿಟ್ಟ ಬಟ್ಟೆ ತುಂಡು ಎರಡು ಮೂಟೆ ಇದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟಿದ್ದೆವು. ಮೊನ್ನೆ ಬಿಚ್ಚಿದರೆ ಬೂಷ್ಟು ವಾಸನೆ, ಅಲ್ಲಲ್ಲಿ ಕಪ್ಪು ಚುಕ್ಕೆ. ಎಲ್ಲ ಬಿಸಾಡಬೇಕಾ?

ಉತ್ತರ: ಎಲ್ಲ ಬೇಡ. ಅಂಗಳದಲ್ಲೋ ಜಗಲಿಯಲ್ಲೋ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಂದೊಂದು ತುಂಡನ್ನೂ ಎರಡು ಕೈಯಲ್ಲಿ ಹಿಡಿದು ಜಗ್ಗಿ. ಪರ್ ಅಂತ ಹರಿದರೆ ಅದರ ಆಯಸ್ಸು ಮುಗಿಯಿತು ಅಂತ ಅರ್ಥ. ಅಂಥದ್ದನ್ನು ಕೌದಿಗೆ ಹಾಕಿದರೆ ಎರಡು ಒಗೆತಕ್ಕೆ ತೂತು. ಗಟ್ಟಿ ಇರುವ ಹತ್ತಿಯನ್ನು ಬಿಸಿನೀರು, ಸೋಪಿನ ಪುಡಿಯಲ್ಲಿ ನೆನೆಸಿ ಒಗೆಯಿರಿ. ವಾಸನೆ ಹೋಗುತ್ತದೆ. ಕಪ್ಪು ಚುಕ್ಕೆ ಹೆಚ್ಚಾಗಿ ಉಳಿದುಬಿಡುತ್ತದೆ. ಚುಕ್ಕೆ ಇದ್ದದ್ದನ್ನು ನಡುವಿನ ಪದರಕ್ಕೆ ಹಾಕಿ, ಯಾರು ನೋಡುತ್ತಾರೆ?

ನಿಮ್ಮ ಕಡೆ ಈಗ ಬಿಸಿಲು ಕೇಳುವುದೇ ತಪ್ಪು. ಒಗೆದ ಮೇಲೆ ಒಳಗೆ ಹಗ್ಗ ಕಟ್ಟಿ ಫ್ಯಾನ್ ಕೆಳಗೆ ಒಣಗಿಸಿ, ಆಮೇಲೆ ಇಸ್ತ್ರಿ ತಾಗಿಸಿ. ತುಂಡುಗಳಾದ್ದರಿಂದ ಬೇಗ ಆಗುತ್ತದೆ. ಇನ್ನು ಮುಂದೆ ಪ್ಲಾಸ್ಟಿಕ್ ಬೇಡ. ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಹಳೇ ದಿಂಬಿನ ಕವರ್‌ನಲ್ಲಿ ತುಂಬಿ, ಗೋಡೆಗೆ ತಾಗದ ಹಾಗೆ ಇಡಿ. ನುಸಿ ಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಅದು ಏನೂ ಮಾಡುವುದಿಲ್ಲ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರಂತೆ. ಬೆಚ್ಚಗಿರುತ್ತದೆ ಸರಿ, ಆದರೆ ಮಗುವಿನ ಕೌದಿ ಹೊಗೆಗೆ ಕಟ್ಟಿದ ಹಂದಿ ಮಾಂಸದ ವಾಸನೆ ಬಂದರೆ ನನ್ನನ್ನು ಕೇಳಬೇಡಿ.

ಭಾಗಮಂಡಲ ಸದಸ್ಯೆ: ಅದರಲ್ಲಿ ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಅಂತ ಗೊತ್ತಾಗುತ್ತಿಲ್ಲ. ಮತ್ತೆ ಎಷ್ಟು ಚಿಕ್ಕ ತುಂಡಿನವರೆಗೆ ಇಟ್ಟುಕೊಳ್ಳುವುದು?

ಉತ್ತರ: ಎರಡು ಎಳೆ ದಾರ ಬಿಚ್ಚಿ ತಟ್ಟೆಯ ಮೇಲೆ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತಿದ್ದರೆ ಬೂದಿಯೊಳಗೆ ಮಣಿ ಸಿಗುತ್ತದೆ. ಬ್ಲೌಸಿಗೆ ಬರುವ ಟೂ ಬೈ ಟೂ, ನೈಟಿ ಬಟ್ಟೆ, ಪಾಪ್ಲಿನ್, ಲುಂಗಿ ಇವೆಲ್ಲ ಒಟ್ಟಿಗೆ ಹೋಗುತ್ತವೆ. ಟೀ ಶರ್ಟಿನ ಹಿಗ್ಗುವ ಬಟ್ಟೆಯನ್ನು ಇವುಗಳ ಜೊತೆ ಸೇರಿಸಬೇಡಿ, ಸಾಲು ಸೊಟ್ಟಗಾಗುತ್ತದೆ.

ಅಳತೆಗೆ ನನ್ನ ಲೆಕ್ಕ ಒಂದೂವರೆ ಇಂಚು. ಅದಕ್ಕಿಂತ ಚಿಕ್ಕದಾದರೆ ಹೊಲಿಗೆಗೇ ಅರ್ಧ ಇಂಚು ಹೋಗಿ ಕಾಣಿಸುವುದಕ್ಕೆ ಏನೂ ಉಳಿಯುವುದಿಲ್ಲ. ಅವನ್ನು ಕಾಲೊರಸಿನ ಹೊಟ್ಟೆಗೆ ತುಂಬಿ. ಒಂದೂವರೆಯಿಂದ ನಾಲ್ಕು ಇಂಚಿನವಕ್ಕೆ ಹಳೇ ಪಂಚೆಯ ಆಸರೆ ಕೊಡಿ. ಪಂಚೆಯಲ್ಲಿ ಏಳು ಇಂಚಿನ ಚೌಕ ಕತ್ತರಿಸಿ. ನಡುವೆ ಒಂದು ತುಂಡು ಇಡಿ. ಅದರ ಮೇಲೆ ಇನ್ನೊಂದನ್ನು ಮುಖಕ್ಕೆ ಮುಖ ಇಟ್ಟು ಒಂದು ಬದಿ ಹೊಲಿದು, ಮಗುಚಿ, ಉಗುರಿನಲ್ಲಿ ತೀಡಿ. ಹೀಗೇ ಸುತ್ತ ಸುತ್ತ ಪಂಚೆ ಮುಚ್ಚುವವರೆಗೆ ಹೋಗಿ. ಕೊನೆಗೆ ಆರೂವರೆ ಇಂಚಿಗೆ ಸಮ ಮಾಡಿ ಕತ್ತರಿಸಿ. ತುಂಡು ಯಾವ ಆಕಾರದಲ್ಲಿದ್ದರೂ ನಡೆಯುತ್ತದೆ, ಓರೆ ಇದ್ದರೂ ಜಗ್ಗುವುದಿಲ್ಲ, ಪಂಚೆ ಹಿಡಿದುಕೊಂಡಿರುತ್ತದೆ. ಕರೆಂಟ್ ಇಲ್ಲದ ಸಂಜೆ ಕಾಲು ಮೆಷಿನ್‌ನಲ್ಲಿ ಮೂರೋ ನಾಲ್ಕೋ ಚೌಕ ಆಗಿಯೇ ಆಗುತ್ತವೆ.

ಇನ್ನೊಂದು ದಾರಿ ಇದೆ, ನನಗೆ ತುಂಬ ಇಷ್ಟವಾದದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನರ ಹೆಂಗಸರು ಮಾಡುವ, ಕವಂದಿ ಅನ್ನುವ ಕೌದಿ. ಅವರು ತುಂಡುಗಳನ್ನು ಮೊದಲು ಜೋಡಿಸಿ, ಆಮೇಲೆ ಪದರ ಹಾಕಿ, ಆಮೇಲೆ ಹೊಲಿಯುವುದಿಲ್ಲ. ಕೆಳಗೆ ಹಳೇ ಸೀರೆ ಹಾಸಿ ಒಂದು ಮೂಲೆಯಿಂದ ಶುರು ಮಾಡುತ್ತಾರೆ. ತುಂಡಿನ ಅಂಚು ಒಳಕ್ಕೆ ಮಡಚಿ ಸೀರೆಯ ಮೇಲೆ ಇಟ್ಟು ಕೈಯಲ್ಲಿ ಸಾಲು ಹೊಲಿಗೆ. ಅದರ ಪಕ್ಕ ಇನ್ನೊಂದು. ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದರೆ ಮುಗಿಯಿತು. ಜೋಡಿಸುವುದು, ಪದರ ಹಾಕುವುದು, ಹೊಲಿಯುವುದು ಮೂರೂ ಒಂದೇ ಕೈಕೆಲಸ. ಮೇಜೂ ಬೇಡ, ಕಣವೂ ಬೇಡ, ಮಡಿಲಲ್ಲಿ ಹಿಡಿಯುತ್ತದೆ. ನಮ್ಮವು ಎರಡು ಹಂತದ ನಡುವೆ ಸಿಕ್ಕಿಬೀಳುತ್ತವೆ. ಅದಕ್ಕೆ ಹಂತವೇ ಇಲ್ಲ, ಸಿಕ್ಕಿಬೀಳುವುದು ಎಲ್ಲಿ?

ಗೋಣಿಕೊಪ್ಪ ಸದಸ್ಯೆ: ನನ್ನ ತವರು ಯಲ್ಲಾಪುರ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಡಚಿ ತ್ರಿಕೋನದ ಹೂವು ಇಡುತ್ತಾರೆ. ಅದಕ್ಕೆ ಫುಲಾ ಅಂತಾರೆ. ಅದು ಇಲ್ಲದಿದ್ದರೆ ಕವಂದಿ ಬೆತ್ತಲೆ ಇದ್ದ ಹಾಗೆ ಅನ್ನುತ್ತಾರೆ.

ಉತ್ತರ: ಒಳ್ಳೇದಾಯಿತು ಹೇಳಿದ್ದು. ಫುಲಾ ಬಿಡಬೇಡಿ ಯಾರೂ.

ವಿರಾಜಪೇಟೆ ಸದಸ್ಯೆ: ಅಕ್ಕ, ಅಜ್ಜನ ಹಳೇ ಕುಪ್ಯ (ಕೊಡವ ಗಂಡಸರ ಉದ್ದ ಅಂಗಿ), ಚೇಲೆ (ಅದರ ಮೇಲೆ ಕಟ್ಟುವ ನಡುಪಟ್ಟಿ), ಅಜ್ಜಿಯ ರೇಷ್ಮೆ ಸೀರೆ ಇವೆ. ಇವೆಲ್ಲ ಸೇರಿಸಿ ನೆನಪಿಗೆ ಒಂದು ಕೌದಿ ಮಾಡಿಸಬೇಕು ಅಂತ ತಮ್ಮನ ಹೆಂಡತಿ ಹೇಳುತ್ತಿದ್ದಾಳೆ. ನೀವು ಹೊಲಿದು ಕೊಡುತ್ತೀರಾ?

ಉತ್ತರ: ಕುಪ್ಯಕ್ಕೆ ನಾನು ಕತ್ತರಿ ಹಾಕುವುದಿಲ್ಲ. ಹೀಗೆ ಹೇಳಿ ಒಂದೆರಡು ಗಿರಾಕಿ ಕಳೆದುಕೊಂಡಿದ್ದೇನೆ, ಪರವಾಗಿಲ್ಲ. ಮನೆಯಲ್ಲಿ ಹುಡುಗರು ಬೆಳೆಯುತ್ತಿದ್ದಾರೆ, ನಾಳೆ ಪುತ್ತರಿ ಹಬ್ಬಕ್ಕೋ ಮದುವೆಗೋ ಯಾರೋ ಒಬ್ಬನಿಗೆ ಅದು ಬೇಕಾಗುತ್ತದೆ. ಉದ್ದ ಸರಿ ಮಾಡಿಸಬಹುದು, ಅಸ್ತರು ಬದಲಾಯಿಸಬಹುದು. ಕತ್ತರಿಸಿದ ಮೇಲೆ ಮತ್ತೆ ಕುಪ್ಯ ಆಗುವುದಿಲ್ಲ. ನುಸಿ ತಿಂದು ಪೂರ್ತಿ ಹಾಳಾಗಿದ್ದರೆ ಮಾತ್ರ ತನ್ನಿ, ನೋಡೋಣ. ಚೇಲೆಗೂ ಇದೇ ಮಾತು.

ಸೀರೆ ಬೇರೆ ವಿಷಯ. ಮಡಿಕೆಯಲ್ಲೇ ಸೀಳಿದ ರೇಷ್ಮೆಯನ್ನು ಉಡಲು ಆಗುವುದಿಲ್ಲ. ಅದರ ತುಂಡಿನ ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿ ಶಾಖಕ್ಕೆ ಅಂಟುವ ಬಟ್ಟೆ) ಅಂಟಿಸಿ, ಇಸ್ತ್ರಿ ಹದವಾಗಿರಲಿ, ಆಮೇಲೆ ಹೊಲಿಯಬೇಕು. ಹೊಲಿಗೆಗೆ ಕಾಲು ಇಂಚಿನ ಬದಲು ಅರ್ಧ ಇಂಚು ಬಿಡಬೇಕು, ರೇಷ್ಮೆ ಎಳೆ ಬಿಚ್ಚಿಕೊಳ್ಳುತ್ತದೆ. ಹತ್ತಿಯ ಜೊತೆ ಬೆರೆಸಬೇಡಿ. ಹತ್ತಿಯನ್ನು ಬಡಿದು ಒಗೆಯುತ್ತೀರಿ, ರೇಷ್ಮೆ ಅದನ್ನು ತಡೆಯುವುದಿಲ್ಲ. ಹೊದೆಯುವ ಕೌದಿಗಿಂತ ಗೋಡೆಗೆ ಹಾಕುವ ಚಿಕ್ಕದೊಂದು, ಇಲ್ಲವೇ ಎರಡು ದಿಂಬಿನ ಕವರ್ ಮಾಡಿ. ಅದನ್ನು ಸಂತೋಷವಾಗಿ ಹೊಲಿದು ಕೊಡುತ್ತೇನೆ.

ಸುಂಟಿಕೊಪ್ಪ ಸದಸ್ಯ: ಮೇಡಂ, ಹೆಂಡತಿ ಪರವಾಗಿ ಕೇಳುತ್ತಿದ್ದೇನೆ. ಕೆಂಪು ಬಟ್ಟೆ ಬಣ್ಣ ಬಿಡದ ಹಾಗೆ ಉಪ್ಪು ನೀರಿನಲ್ಲಿ ನೆನೆಸಿದರೆ ಸಾಕಾ? ಮತ್ತೆ ದಪ್ಪ ಪದರಕ್ಕೆ ಮೆಷಿನ್ ಹೊಲಿಗೆ ತಪ್ಪಿಸುತ್ತದೆ.

ಉತ್ತರ: ಉಪ್ಪಿನಿಂದ ಬಣ್ಣ ನಿಲ್ಲುವುದಿಲ್ಲ ಅಣ್ಣ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸ ಇದೆ, ಹಾಕಿಯಾದ ಮೇಲೆ ಇಲ್ಲ. ಕೆಂಪು, ಮರೂನ್, ಕಡು ನೀಲಿ ತುಂಡುಗಳನ್ನು ಬೇರೆಯಾಗಿ ನೀರು ತಿಳಿಯಾಗುವವರೆಗೆ ಜಾಲಿಸಿ. ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ಐದಾರು ಸಲ ಒಗೆದರೂ ಗುರುತು ಬಿದ್ದರೆ ಆ ಬಟ್ಟೆ ಕೌದಿಗೆ ಬೇಡ. ಮೆಷಿನ್‌ಗೆ ಹೊಸ 16 ನಂಬರ್ ಸೂಜಿ ಹಾಕಿ, ಹೊಲಿಗೆ ಉದ್ದ 3ಕ್ಕೆ ತಿರುಗಿಸಿ, ಬಾಬಿನ್ ಕೆಳಗಿನ ಜುಂಗು ತೆಗೆದು ಒಂದು ಹನಿ ಎಣ್ಣೆ ಬಿಡಿ. ಹೆಚ್ಚಿನದು ಅಷ್ಟಕ್ಕೇ ಸರಿಹೋಗುತ್ತದೆ.

ನಾಪೋಕ್ಲು ಸದಸ್ಯೆ: ಅಕ್ಕ, ಈಗ ಎಣಿಸಿದೆ. ತೊಂಬತ್ತಲ್ಲ, ಎಂಬತ್ತೆಂಟು! ಮೂಲೆಯಲ್ಲಿ ಎರಡು ಕಡಿಮೆ.

ಉತ್ತರ: ಬಿಡಿ ಚೌಕ ನಲವತ್ತು ಇದೆ ಅಂದಿರಲ್ಲ, ಎರಡು ಅಲ್ಲಿಂದ ತೆಗೆದು ಇವತ್ತೇ ಹೊಲಿಯಿರಿ. ಉಳಿದವನ್ನು ಬೀರುವಿಗೆ ಇಡಬೇಡಿ, ನಮ್ಮ ಅಂಗಡಿಗೆ ಕಳಿಸಿ. ಕಲಿಯಲು ಬರುವ ಹುಡುಗಿಯರಿಗೆ ಕಾಲು ಇಂಚು ನೇರ ಹೊಲಿಯುವುದನ್ನು ಕಲಿಸಲು ಬೇಕು.

ನಾಪೋಕ್ಲು ಸದಸ್ಯೆ: ಕಳಿಸುತ್ತೇನೆ. ಕರೆಂಟ್ ಹೋಯಿತು ನೋಡಿ ಈಗಷ್ಟೇ. ಕೈ ಹೊಲಿಗೆಯೇ ಸರಿ.